ನೆಕ್ಕಾರ್ ತೀರದಲ್ಲೊಂದು ಯುಗಾದಿ

ತಿಥಿಯನ್ನು ನೋಡದೆ ಬರುವವನೇ ಅತಿಥಿಯೆಂದು ನಮ್ಮಲ್ಲಿ ಶಬ್ದಾರ್ಥವನ್ನು ಹೇಳುವ ವಾಡಿಕೆಯುಂಟು. ಅವನು ಬರುವ ಹೊತ್ತು ಗೊತ್ತಿಲ್ಲ. ಬಂದಾಗ ಮನೆಯಲ್ಲಿದ್ದುದನ್ನು ಬಡಿಸಬೇಕು. ಅದು ಗೃಹಸ್ಥನ ಧರ್ಮ. ಅರಕಲಗೂಡು ಸೀಮೆಯ ಒಬ್ಬ ತರುಣನಿಗೆ 2025ನೆಯ ಇಸವಿಯ ಯುಗಾದಿಯಲ್ಲಿ ಒದಗಿದ ಇಕ್ಕಟ್ಟು ಇದಕ್ಕೆ ತಿರುಗುಮುರುಗಾದದ್ದು. ಅವನ ಪಾಲಿಗೆ ತಿಥಿಯು ಗೊತ್ತಾಗಿತ್ತು: ವಿಶ್ವಾವಸು ಸಂವತ್ಸರದ ಚೈತ್ರ ಶುದ್ಧ ಪಾಡ್ಯ, ಮಾರ್ಚಿ 30, ಭಾನುವಾರ. ಅತಿಥಿಗಳೂ ಗೊತ್ತಾಗಿದ್ದರು. ಮನೆಯೊಂದು ಮಾತ್ರ ಇರಲಿಲ್ಲ. ಜರ್ಮನಿ ದೇಶದ ಟ್ಯೂಬಿಂಗೆನ್ ಪಟ್ಟಣದ ಒಂದು ವಿದ್ಯಾರ್ಥಿನಿಲಯದಲ್ಲಿ ಹನ್ನೊಂದು ಜನರಿಗೆ ಸೇರಿದ ಒಂದು ಅಡಿಗೆಯ ಕೋಣೆ, ಅದರಲ್ಲಿ ಅವನ ಪಾಲಿಗೆ ಬಂದ ಒಂದು ಕಪಾಟು, ಆ ಕಪಾಟಿನಲ್ಲಿ ಎರಡು ಪಾತ್ರೆ. ಇಷ್ಟೇ ಅವನ ಗೃಹಸ್ಥಾಶ್ರಮ. ಬ್ರಹ್ಮಚಾರಿಯು ಭಿಕ್ಷೆಯನ್ನು ಬೇಡತಕ್ಕವನೇ ಹೊರತು ಇಕ್ಕತಕ್ಕವನಲ್ಲವೆಂದು ಧರ್ಮಶಾಸ್ತ್ರವನ್ನು ಬಲ್ಲವರು ಆಕ್ಷೇಪಿಸಬಹುದು. ಆದರೆ ಅವನ ತಲೆಯ ಮೇಲೆ ಉಂಡ ಋಣವೊಂದಿತ್ತು.

ಟ್ಯೂಬಿಂಗೆನ್ ಎಂಬುದು ನೆಕ್ಕಾರ್ ನದಿಯ ದಂಡೆಯ ಮೇಲಿನ ಸಣ್ಣ ಊರು. ಅಲ್ಲಿಯ ವಿಶ್ವವಿದ್ಯಾನಿಲಯವಾದರೋ 1477ರಲ್ಲಿ ಸ್ಥಾಪಿತವಾದದ್ದು. ಕನ್ನಡಿಗರಿಗೆ ಈ ಊರು ತೀರ ಪರಸ್ಥಳವಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗರು ವಿದ್ಯಾಭ್ಯಾಸ ಮಾಡಿದ್ದು ಇಲ್ಲಿ; 1894ರಲ್ಲಿ ಕನ್ನಡದ ಮಹಾನಿಘಂಟನ್ನು ಬೆಳಕಿಗೆ ತಂದ ಕಿಟ್ಟೆಲ್ಲರು 1903ರಲ್ಲಿ ದೇಹವಿಟ್ಟದ್ದೂ ಇಲ್ಲಿಯೇ. ಬೋಟ್‌ಲಿಂಕರೊಡಗೂಡಿ ಪೀಟರ್ಸ್‌ಬರ್ಗಿನ ಸಂಸ್ಕೃತ ಕೋಶವನ್ನು ರಚಿಸಿದ ರೋಟ್ ಪಂಡಿತರು ಇಲ್ಲಿ ಆಚಾರ್ಯರಾಗಿದ್ದರು. ತರುಣನು ಅಲ್ಲಿಗೆ ಹೋದದ್ದು ಶಬ್ದಶಾಸ್ತ್ರಕ್ಕಾಗಿ ಅಲ್ಲ, ಅಂತರ್ಜಲದ ಶಾಸ್ತ್ರಕ್ಕಾಗಿ. ಆದ್ದರಿಂದ ಈ ಮಹನೀಯರ ಸಂಗತಿಯು ಅವನಿಗೆ ಊರನ್ನು ಮುಟ್ಟಿದ ಮೇಲೆ ತಿಳಿಯಿತು. ಕಾಲಕ್ಕೆ ತಕ್ಕ ಓದು, ದೂಷಿಸತಕ್ಕದ್ದಲ್ಲ.

ಋಣದ ವಿಷಯವನ್ನು ಹೇಳಬೇಕು. 2024ರ ಡಿಸೆಂಬರ್ ತಿಂಗಳಲ್ಲಿ ಕ್ರಿಸ್ಮಸ್ಸಿನ ರಜ ಬಂದಾಗ ವಿದ್ಯಾರ್ಥಿನಿಲಯವು ಬರಿದಾಯಿತು. ಆ ದೇಶದಲ್ಲಿ ಕ್ರಿಸ್ಮಸ್ಸಿನ ಹಿಂದಿನ ಸಂಜೆಯೇ ಹಬ್ಬದ ಹೃದಯ. ಅಂಗಡಿಗಳು ಮಧ್ಯಾಹ್ನಕ್ಕೆಲ್ಲ ಬಾಗಿಲಿಕ್ಕುವುವು. ಬೀದಿಯಲ್ಲಿ ನರಪಿಳ್ಳೆ ಸುಳಿಯದು. ಪ್ರತಿಯೊಬ್ಬನೂ ತನ್ನ ತಾಯಿಯ ಮನೆಯಲ್ಲಿರುವನು. ಇಂತಹ ಸಂಜೆ ಈ ಹುಡುಗನು ಒಬ್ಬನೇ ಉಳಿಯುವನೆಂದು ತಿಳಿದ ಸಹಪಾಠಿಯೊಬ್ಬನು ಅವನನ್ನು ತನ್ನ ಹಳ್ಳಿಗೆ ಕರೆದುಕೊಂಡು ಹೋದನು. ಹಳ್ಳಿಯಿರುವುದು ಶ್ವಾಬ ಸೀಮೆಯ ಆಲ್ಬ್ ಎಂಬ ಸುಣ್ಣಕಲ್ಲಿನ ಎತ್ತರದ ಭೂಮಿಯಲ್ಲಿ. ಮನೆಯಲ್ಲಿ ತಂದೆ, ತಾಯಿ, ಒಂದು ಮುದಿನಾಯಿ. ಬಂದವನು ಮಾಂಸವನ್ನು ಮುಟ್ಟುವುದಿಲ್ಲವೆಂದು ಕೇಳಿದ ಆ ತಾಯಿಯು, ಹಬ್ಬದ ದಿನದ ತಮ್ಮ ಪಾಕವನ್ನೇ ಬದಿಗಿಟ್ಟು, ಎಲ್ಲರಿಗೂ ಒಂದೇ ಅಡಿಗೆಯನ್ನು ಮಾಡಿದ್ದಳು: ಬೇಯಿಸಿದ ಚನ್ನಂಗಿಕಾಳು, ಅದರೊಡನೆ ಕೈಯಿಂದ ಹೊಸೆದ ಹಿಟ್ಟಿನ ಗಿಡ್ಡ ಶ್ಯಾವಿಗೆ. ಆ ಸೀಮೆಯಲ್ಲಿ ಇದನ್ನು ಮಾಂಸದ ತುಂಡುಗಳೊಡನೆ ಉಣ್ಣುವುದು ರೂಢಿ. ಅಂದು ಆ ಮೇಜಿನ ಮೇಲೆ ಅದು ಬರಲೇ ಇಲ್ಲ. ಅತಿಥಿಗೆ ಬೇರೆ ತಟ್ಟೆಯಿಟ್ಟು ತಾವು ಬೇರೆ ಉಣ್ಣುವುದು ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ.

ಊಟದ ನಡುವೆ ಯಜಮಾನನು ಆ ಕಾಳಿನ ಕಥೆಯನ್ನು ಹೇಳಿದನು. ಆಲ್ಬ್ ಸೀಮೆಯ ಬಡಭೂಮಿಯಲ್ಲಿ ಹಿಂದೆ ಚನ್ನಂಗಿಯನ್ನು ಬೆಳೆಯುತ್ತಿದ್ದರು. ಯುದ್ಧಾನಂತರದ ದಶಕಗಳಲ್ಲಿ ಬೇಸಾಯವು ನಿಂತು ಅಲ್ಲಿಯ ತಳಿಗಳೇ ಅಳಿದುಹೋದುವೆಂದು ಎಲ್ಲರೂ ತಿಳಿದಿದ್ದರು. 2006ರಲ್ಲಿ ಅವುಗಳ ಬೀಜವು ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ವಾವಿಲೋವ್ ಸಂಸ್ಥೆಯ ಬೀಜಭಂಡಾರದಲ್ಲಿ ದೊರೆಯಿತು. ಹಿಡಿಯಷ್ಟು ಕಾಳನ್ನು ತಂದು ಮತ್ತೆ ಬಿತ್ತಿ ಬೆಳೆಸಿದರು. ಟ್ಯೂಬಿಂಗೆನ್ನಿನ ಪಂಡಿತರ ಶಬ್ದಗಳೂ ಆಲ್ಬಿನ ರೈತರ ಕಾಳುಗಳೂ ಕೂಡಿಯೇ ಪೀಟರ್ಸ್‌ಬರ್ಗಿನಲ್ಲಿ ಸಂಗ್ರಹವಾದುವೆಂಬುದು ವಿನೋದವಾದ ಸಂಗತಿ. ನಮ್ಮ ಕೆಲವು ಮನೆಗಳಲ್ಲಿ ಚನ್ನಂಗಿಯನ್ನು ಮಡಿಯ ಅಡಿಗೆಗೆ ಸೇರಿಸುವುದಿಲ್ಲ. ಹುಡುಗನು ಆ ದಿವಸ ಅದನ್ನು ಮೂರು ಸಲ ಬಡಿಸಿಕೊಂಡು ಉಂಡನು. ಬಡಿಸಿದವನು ಯಜಮಾನನೇ.

ಫೆಬ್ರವರಿಯಲ್ಲಿ ಆ ಯಜಮಾನನು ತೀರಿಹೋದನು. ಹೃದಯ ನಿಂತಿತು, ಕಾಯಿಲೆಯಿಲ್ಲ, ಕಸಾಲೆಯಿಲ್ಲ.

ಯುಗಾದಿಗೆ ಆ ತಾಯಿಮಗನನ್ನು ಕರೆದು ಉಣಿಸಬೇಕೆಂದು ಹುಡುಗನು ಸಂಕ್ರಾಂತಿಯ ಹೊತ್ತಿಗೇ ನಿಶ್ಚಯಿಸಿದ್ದನು. ಈಗ ಸಂದೇಹವು ಹುಟ್ಟಿತು. ಸಾವಿನ ಮನೆಯವರು ವರ್ಷದವರೆಗೆ ಹಬ್ಬವನ್ನು ಆಚರಿಸುವುದಿಲ್ಲವೆಂಬುದು ಅವನು ಕಂಡ ಬಳಕೆ. ಕರೆದರೆ ಅವರಿಗೆ ನೋವಾದೀತೇ? ಕರೆಯದಿದ್ದರೆ ಇನ್ನೂ ಹೆಚ್ಚಿನ ನೋವಲ್ಲವೇ? ತಂದೆಯನ್ನು ಕೇಳಿದನು, ತಂದೆಯು, “ಅಲ್ಲಿಯ ಪದ್ಧತಿ ನಮಗೇನು ಗೊತ್ತಪ್ಪ, ನೋಡಿಕೊಂಡು ಮಾಡು” ಎಂದು ಜಾರಿಕೊಂಡರು. ತಾಯಿಯು ಅರ್ಧ ಮಾತನ್ನು ನುಂಗಿ, “ವರ್ಷದ ಮೊದಲನೆಯ ದಿನ...” ಎಂದು ನಿಲ್ಲಿಸಿದರು. ಅವರು ಹೇಳದೆ ಬಿಟ್ಟದ್ದೇನೆಂಬುದು ವಾಚಕರಿಗೂ ತಿಳಿಯದ್ದಲ್ಲ. ಕೊನೆಗೆ ಫೋನು ಅಜ್ಜಿಯ ಕೈಗೆ ಹೋಯಿತು.

ಈ ಅಜ್ಜಿಯ ಸಂಗತಿಯನ್ನು ತಿಳಿಯದೆ ಮುಂದಿನದು ಅರ್ಥವಾಗದು. ಆಕೆಯ ಯಜಮಾನರು ಹೋಗಿ ಇಪ್ಪತ್ತು ವರ್ಷಗಳ ಮೇಲಾಗಿತ್ತು. ಅಂದಿನಿಂದ ಆ ಮನೆಯಲ್ಲಿ ಪ್ರತಿ ಯುಗಾದಿಯಲ್ಲಿಯೂ ನಸುಕಿನಲ್ಲೆದ್ದು ಮಡಿಯುಟ್ಟು ಹೂರಣವನ್ನು ರುಬ್ಬುವವಳು ಅಜ್ಜಿ. ಬೇವಿನ ಹೂವನ್ನು ಬಿಡಿಸಿ ಬೆಲ್ಲವನ್ನು ಜಜ್ಜಿ ಬೆರಸುವವಳು ಅಜ್ಜಿ. ಒಂದು ಬಟ್ಟಲಿಗೆ ಹಾಕಿ ಅದನ್ನು ಸೊಸೆಯ ಕೈಗೆ ಕೊಟ್ಟು ಹಿಂದಕ್ಕೆ ಸರಿಯುವವಳೂ ಅಜ್ಜಿ. ಹಂಚುವ ಕೈ ಮುತ್ತೈದೆಯದಾಗಬೇಕು. ಯಾರೂ ಆಕೆಯನ್ನು ಸರಿಯೆಂದು ಹೇಳಿದ್ದಿಲ್ಲ. ಯಾರೂ ಬೇಡವೆಂದು ತಡೆದದ್ದೂ ಇಲ್ಲ. ರೂಢಿಯು ಹೀಗೆ ಬಾಯಿಲ್ಲದೆ ಅಪ್ಪಣೆ ಕೊಡುವುದು. ಶಾಸ್ತ್ರಗ್ರಂಥಗಳನ್ನು ಓದಿದ ಎಷ್ಟೋ ಮಂದಿ ಇಂತಹ ಮನೆಗಳಲ್ಲಿ ಉಂಡು ಕೈತೊಳೆದು ವೀಳ್ಯವನ್ನು ಹಾಕಿಕೊಂಡು ಬಂದಿದ್ದಾರೆ, ಒಬ್ಬರೂ ಬಾಯಿಬಿಟ್ಟವರಲ್ಲ.

ಅಜ್ಜಿಯು ಎಲ್ಲವನ್ನೂ ಕೇಳಿದಳು. “ಆಕೆ ನಿನಗೆ ಹಬ್ಬದ ದಿನ ಅನ್ನ ಇಟ್ಟಳೋ ಇಲ್ಲವೋ?” ಎಂದಳು. ಇಟ್ಟಳೆಂದನು. “ಹಾಗಾದರೆ ಕೇಳೋದೇನು ಬಂತು? ಕರಿ. ಬರೋದು ಬಿಡೋದು ಆಕೆಗೆ ಸೇರಿದ್ದು. ಬಂದರೆ ಮೊದಲನೇ ಎಲೆ ಆಕೆಗೇ ಹಾಕು, ಪುಟ್ಟ” ಎಂದಳು. ಹಾಗೆಂದವಳೇ ಫೋನನ್ನು ಸೊಸೆಗೆ ಕೊಟ್ಟುಬಿಟ್ಟಳು.

ಆ ತಾಯಿಯು ಬರುವೆನೆಂದು ಹೇಳಿ ಕಳುಹಿಸಿದಳು.

ಇನ್ನು ಸಾಮಗ್ರಿಗಳ ಮಾತು. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳನ್ನು ಮುಚ್ಚಬೇಕೆಂದು ಕಾನೂನು ಇದೆ. ಮರೆತ ಉಪ್ಪಿನ ಹರಳನ್ನು ಕೊಳ್ಳುವುದಕ್ಕೂ ಅಂದು ತೊಡಕು. ಆದ್ದರಿಂದ ಎಲ್ಲವೂ ಶನಿವಾರಕ್ಕೆ ಮುಗಿಯಬೇಕು. ಕಡಲೆಬೇಳೆ, ಬೆಲ್ಲ, ಹುಣಿಸೆಹಣ್ಣು, ಹಿಮಗಟ್ಟಿಸಿದ ಬಾಳೆಯೆಲೆಯ ಒಂದು ಕಟ್ಟು, ಇವನ್ನು ಅವನು ಸುಮಾರು 40 ಕಿಲೋಮೀಟರ್ ದೂರದ ಸ್ಟುಟ್‌ಗಾರ್ಟ್ ನಗರಕ್ಕೆ ರೈಲಿನಲ್ಲಿ ಹೋಗಿ ಶುಕ್ರವಾರವೇ ತಂದನು. ಶನಿವಾರ ಬೆಳಿಗ್ಗೆ ಹೂರಣವನ್ನು ಮಾಡಿಟ್ಟು ನಿಶ್ಚಿಂತನಾಗಬೇಕೆಂಬುದು ಅವನ ಹಂಚಿಕೆ. ಆದರೆ ಆ ಶನಿವಾರ, ಮಾರ್ಚಿ 29ರ ಅಮಾವಾಸ್ಯೆ, ಸೂರ್ಯಗ್ರಹಣ! ಭಾರತದಲ್ಲಿ ಅದು ಗೋಚರವಿರಲಿಲ್ಲ. ಯೂರೋಪಿನಲ್ಲಿ ನಡುಹಗಲಿನ ಹೊತ್ತಿಗೆ ಖಂಡಗ್ರಾಸವಾಗಿ ತೋರುವುದಿತ್ತು. ಗ್ರಹಣವು ಎಲ್ಲಿ ಕಾಣುವುದೋ ಅಲ್ಲಿಯೇ ಅದರ ಆಚರಣೆ ಎಂಬುದು ನಿರ್ಣಯ. ಊರಿನ ಅಜ್ಜಿಗೆ ಇಲ್ಲದ ಗ್ರಹಣವು ಮೊಮ್ಮಗನಿಗೆ ಉಂಟಾಯಿತು. ತರುಣನಿಗೆ ಇದರಲ್ಲಿ ದೊಡ್ಡ ಶ್ರದ್ಧೆಯಿತ್ತೆಂದು ಹೇಳಿದರೆ ಸುಳ್ಳಾದೀತು. ಅಜ್ಜಿಯು ಕೇಳಿದರೆ ನಿಜವನ್ನು ಹೇಳಬೇಕಲ್ಲವೆಂದು ಒಲೆಯನ್ನು ಹಚ್ಚದೆ ಮೋಕ್ಷಕಾಲವಾಗುವವರೆಗೆ ಕಾದು, ಸ್ನಾನ ಮಾಡಿ, ಅನಂತರ ಬೇಳೆಯನ್ನು ಬೇಯಿಸಲು ಇಟ್ಟನು.

ಆ ತಡವೇ ಅನರ್ಥಕ್ಕೆ ಕಾರಣವಾಯಿತು. ಅವಸರದಲ್ಲಿ ಬೇಳೆಯ ಕಟ್ಟನ್ನು ಚೆನ್ನಾಗಿ ಬಸಿಯದೆ ಬೆಲ್ಲವನ್ನು ಸೇರಿಸಿದನು, ಹೂರಣವು ನೀರಾಯಿತು. ಅದನ್ನು ಮತ್ತೆ ಒಲೆಯ ಮೇಲಿಟ್ಟು ಮಗುಚತೊಡಗಿದನು. ರಾತ್ರಿ ಹತ್ತಕ್ಕೆ ಅದು ಗಟ್ಟಿಯಾಯಿತು; ಅವನ ತೋಳು ಬಿದ್ದುಹೋಯಿತು. ಅಷ್ಟರಲ್ಲಿ ಒಗ್ಗರಣೆಯನ್ನೂ ಮುಗಿಸಿಬಿಡುವೆನೆಂದು ಸಾಸಿವೆ ಮೆಣಸಿನಕಾಯಿಗಳನ್ನು ಕಾದ ಎಣ್ಣೆಗೆ ಹಾಕಲು, ಹೊಗೆಯನ್ನು ಕಂಡರೆ ಕೂಗುವ ಒಂದು ಯಂತ್ರವು ಚಾವಣಿಯಲ್ಲಿದ್ದುದು ಕಿವಿಯೊಡೆಯುವಂತೆ ಅರಚಿಕೊಂಡಿತು. ಮಲಗಿದ್ದವರು ಎದ್ದು ಓಡಿಬಂದರು. ನಮ್ಮ ಅಡಿಗೆಮನೆಗಳಲ್ಲಿ ಈ ಯಂತ್ರವನ್ನು ಕಟ್ಟಿದರೆ ಅದಕ್ಕೆ ಒಂದು ದಿನವೂ ವಿಶ್ರಾಂತಿಯಿರಲಾರದು. ಓಡಿಬಂದವರಲ್ಲಿ ಇಬ್ಬರು ಮರುದಿನದ ಊಟಕ್ಕೆ ತಾವೂ ಬರಬಹುದೇ ಎಂದು ಕೇಳಿದರು. ಅಂತೂ ತಿಥಿ ನೋಡದೆ ಬಂದ ಅತಿಥಿಗಳೂ ದೊರೆತಂತಾಯಿತು.

ಎಲ್ಲಕ್ಕಿಂತ ಮಿಗಿಲಾದ ಕೊರತೆಯು ಬೇವಿನದು. ತಾಯಿಯು ಒಣಗಿಸಿದ ಬೇವಿನ ಹೂವನ್ನು ಅಂಚೆಯಲ್ಲಿ ಕಳುಹಿಸಿದ್ದರು. ಗಂಟು ಎಲ್ಲಿಯೋ ಸುಂಕದ ಕಟ್ಟೆಯಲ್ಲಿ ನಿಂತಿತು. ಒಬ್ಬಟ್ಟಿಲ್ಲದೆ ಯುಗಾದಿಯಾದೀತು, ಬೇವಿಲ್ಲದೆ ಆಗದು. ಮೀಮಾಂಸಕರು ಪ್ರತಿನಿಧಿಯ ವಿಚಾರವಾಗಿ ವಿಸ್ತಾರವಾಗಿ ಚರ್ಚಿಸಿದ್ದಾರೆ: ಸೋಮಲತೆಯು ದೊರೆಯದಿದ್ದರೆ ಪೂತೀಕವನ್ನು ತೆಗೆದುಕೊಳ್ಳಬಹುದು, ಭತ್ತವಿಲ್ಲದಿದ್ದರೆ ನೀವಾರ. ಕರ್ಮವನ್ನು ಬಿಡುವುದಕ್ಕಿಂತ ಹೋಲುವ ದ್ರವ್ಯದಿಂದ ನಡೆಸುವುದು ಮೇಲು. ಹುಡುಗನು ಜೈಮಿನಿಯನ್ನು ಓದಿದವನಲ್ಲ, ಅವನು ಮಿತ್ರನನ್ನು ಕೇಳಿದ್ದು ಇಷ್ಟು: “ನಿಮ್ಮ ಸೀಮೆಯಲ್ಲಿ ಈ ಕಾಲಕ್ಕೆ ಸಿಕ್ಕುವ ಕಹಿಯಾದ ಎಲೆ ಯಾವುದು?” ಮಿತ್ರನಿಗೆ ತಿಳಿಯದು; ತಾಯಿಯನ್ನು ಕೇಳುವೆನೆಂದನು.

ಭಾನುವಾರ ಬೆಳಗಿನ ಸಂಗತಿಯನ್ನು ಹೇಳುವುದಕ್ಕೆ ಮೊದಲು ಇನ್ನೊಂದು ವಿಚಿತ್ರವನ್ನು ತಿಳಿಸಬೇಕು. ಆ ದೇಶದಲ್ಲಿ ಮಾರ್ಚಿ ತಿಂಗಳ ಕಡೆಯ ಭಾನುವಾರ ನಸುಕಿನ ಎರಡು ಗಂಟೆಗೆ ಗಡಿಯಾರವನ್ನು ಮೂರಕ್ಕೆ ತಿರುಗಿಸುವರು. ಒಂದು ಗಂಟೆಯು ಲೆಕ್ಕದಿಂದಲೇ ಹಾರಿಹೋಗುವುದು. ಆ ವರ್ಷ ಆ ಭಾನುವಾರವೂ ಯುಗಾದಿಯೂ ಒಂದೇ ಆದುವು. ಮೊಬೈಲುಗಳು ತಾವಾಗಿ ತಿದ್ದಿಕೊಂಡುವು. ಅಡಿಗೆಕೋಣೆಯ ಗೋಡೆಯ ಗಡಿಯಾರಕ್ಕೆ ಆ ವಿವೇಕವಿರಲಿಲ್ಲ. ಹುಡುಗನ ಮೊಬೈಲು ಕೋಣೆಯ ಹಾಸಿಗೆಯ ಮೇಲಿತ್ತು; ಕೈಯೆಲ್ಲ ಕಣಕ; ಅವನು ಗೋಡೆಯನ್ನು ನೋಡಿ ಅಡಿಗೆ ಮಾಡುತ್ತಿದ್ದನು. ಅತಿಥಿಗಳನ್ನು ಕರೆದದ್ದು ಒಂದು ಗಂಟೆಗೆ. ಗೋಡೆಯ ಮೇಲೆ ಇನ್ನೂ ಹನ್ನೆರಡಾಗಲು ಎರಡು ನಿಮಿಷವಿರುವಾಗ ಬಾಗಿಲು ತಟ್ಟಿದ ಸದ್ದಾಯಿತು. ಜರ್ಮನರು ಹೇಳಿದ ಹೊತ್ತಿಗೆ ಬರುವವರು.

ಬಾಗಿಲಲ್ಲಿ ಆ ತಾಯಿಯು ಕರಿಯ ಉಡುಪಿನಲ್ಲಿ ನಿಂತಿದ್ದಳು. ಅದು ಅವರಲ್ಲಿ ಶೋಕದ ಬಣ್ಣ. ನಮ್ಮಲ್ಲಿ ಹಬ್ಬದ ದಿನ ಯಾರೂ ಉಡಲೊಲ್ಲದ ಬಣ್ಣ. ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಪೊಟ್ಟಣ. ಮನೆಯ ಹಿಂದಿನ ಹುಲ್ಲುಗಾವಲಿನಲ್ಲಿ ಬೆಳಿಗ್ಗೆ ಕಿತ್ತ ಎಳೆಯ ಎಲೆಗಳು ಅದರಲ್ಲಿದ್ದುವು. ಗರಗಸದಂತೆ ಹಲ್ಲುಹಲ್ಲಾದ ಅಂಚು. ಜರ್ಮನರ ಭಾಷೆಯಲ್ಲಿ ಆ ಗಿಡದ ಹೆಸರಿಗೆ ಸಿಂಹದ ಹಲ್ಲು ಎಂದೇ ಅರ್ಥ. ನಮ್ಮವರು ಕಂಡಿದ್ದರೆ ಸಿಂಹದಂತವೆಂದು ಕರೆಯುತ್ತಿದ್ದರು. ವಸಂತದಲ್ಲಿ ಮೊದಲು ಚಿಗುರುವವುಗಳಲ್ಲಿ ಅದೂ ಒಂದು; ಎಳೆಯದರಲ್ಲಿಯೇ ಕಹಿ.

ಒಲೆಯ ಮೇಲೆ ಅನ್ನಕ್ಕೆ ಎಸರೂ ಇಟ್ಟಿರಲಿಲ್ಲ. ಹುಡುಗನು ನಾಚಿಕೆಯಿಂದ ಕುಗ್ಗಿಹೋದನು. ಆಕೆಯು ಗೋಡೆಯ ಗಡಿಯಾರವನ್ನು ನೋಡಿದಳು, ಅವನ ಹಿಟ್ಟಿನ ಕೈಗಳನ್ನು ನೋಡಿದಳು. ಮೇಲಂಗಿಯನ್ನು ಕಳಚಿ ಗೂಟಕ್ಕೆ ಹಾಕಿ, ಸೊಂಟಕ್ಕೆ ಒಂದು ಬಟ್ಟೆಯನ್ನು ಕಟ್ಟಿಕೊಂಡು ಒಲೆಯ ಬಳಿಗೆ ಬಂದಳು. ಅತಿಥಿಯಿಂದ ಕೆಲಸ ಮಾಡಿಸಬಾರದೆಂದು ಅವನು ತನಗೆ ತಿಳಿದಷ್ಟು ಜರ್ಮನ್ ಭಾಷೆಯಲ್ಲಿ ಬೇಡಿಕೊಂಡನು. ಆಕೆಯು ಕೇಳದಂತೆ ಕಣಕವನ್ನು ಬೆರಳಿನಿಂದ ಒತ್ತಿನೋಡಿ, ಇನ್ನಷ್ಟು ಎಣ್ಣೆ ಬೇಕೆಂದಳು. ಹಿಟ್ಟು ಯಾವ ದೇಶದಲ್ಲಿಯೂ ಹಿಟ್ಟೇ. ನಲವತ್ತು ವರ್ಷ ನಾದಿದ ಕೈಗೆ ಭಾಷೆ ಬೇಡ. ಲಟ್ಟಣಿಗೆಯನ್ನು ಕೇಳಿದಳು. ಅದಿರಲಿಲ್ಲ. ಕೊನೆಗೆ ಕಪಾಟಿನಲ್ಲಿದ್ದ ದ್ರಾಕ್ಷಾರಸದ ಖಾಲಿ ಶೀಸೆಯೊಂದನ್ನು ತೊಳೆದು ಉರುಳಿಸಿದರು. ಅಜ್ಜಿಗೆ ಮೊಮ್ಮಗನು ಗ್ರಹಣದ ವಿಷಯವನ್ನು ಸಾಂಗವಾಗಿ ನಿವೇದಿಸಿದನಾದರೂ ಈ ಶೀಸೆಯ ವಿಷಯವನ್ನು ಇಂದಿಗೂ ಹೇಳಿಲ್ಲವೆಂದು ತಿಳಿದುಬರುತ್ತದೆ. ಹದಿನಾರು ಒಬ್ಬಟ್ಟುಗಳಲ್ಲಿ ಮೊದಲಿನ ಐದು ಅವನವು: ಹರಿದವು, ಹೂರಣ ಹೊರಬಿದ್ದವು. ಉಳಿದ ಹನ್ನೊಂದು ಆಕೆಯವು.

ಅಷ್ಟರಲ್ಲಿ ಉಳಿದವರೂ ಬಂದರು. ಗುಂಟೂರು ಕಡೆಯ ಒಬ್ಬಳು ತೆಲುಗು ಹುಡುಗಿ. ಅವಳಿಗೂ ಅಂದೇ ಯುಗಾದಿ. ಬೇವು ಬೆಲ್ಲ ಎರಡೇ ಸಾಲದು, ಹುಣಿಸೆ, ಮಾವಿನಕಾಯಿ, ಉಪ್ಪು, ಖಾರ ಕೂಡಿ ಆರು ರುಚಿಯಾಗಬೇಕೆಂದು ಅವಳ ವಾದ. ಮಧುರೆಯ ಹುಡುಗನು ತನ್ನ ವರ್ಷವು ಇನ್ನೂ ಎರಡು ವಾರ ಹಳೆಯದೇ ಎಂದು ನಕ್ಕನು. ಇರಾನಿನ ವಿದ್ಯಾರ್ಥಿನಿಯೊಬ್ಬಳಿಗೆ ಹೊಸ ವರ್ಷವು ಮಾರ್ಚಿ 20ರಂದೇ ಆಗಿಹೋಗಿತ್ತು; ಅವರು ಅಂದು ‘ಸ’ಕಾರದಿಂದ ಮೊದಲಾಗುವ ಏಳು ಪದಾರ್ಥಗಳನ್ನು ಇಡುವರಂತೆ, ಅದರಲ್ಲಿ ಹುಳಿಯಾದ ಸಿರಕವೂ ಒಂದು. ಕಹಿಯನ್ನೋ ಹುಳಿಯನ್ನೋ ಮುಂದಿಟ್ಟುಕೊಂಡು ವರ್ಷವನ್ನು ಎದುರುಗೊಳ್ಳುವ ಬುದ್ಧಿ ನಮಗೊಬ್ಬರಿಗೇ ಬಂದದ್ದಲ್ಲ.

ಹುಡುಗನು ಮೊಬೈಲಿನಲ್ಲಿ ಊರಿಗೆ ಕರೆ ಮಾಡಿ ಅದನ್ನು ಕಪಾಟಿಗೆ ಒರಗಿಸಿಟ್ಟನು. ಅಲ್ಲಿ ಆಗ ಸಂಜೆಯಾಗಿತ್ತು. ಊಟವಾಗಿ, ಪಂಚಾಂಗಶ್ರವಣಕ್ಕೆ ತಂದೆಯವರು ದೇವಸ್ಥಾನಕ್ಕೆ ಹೋಗಲು ಸಿದ್ಧರಾಗಿದ್ದರು. ಅವರು ಫೋನಿನಲ್ಲಿಯೇ ಸಂವತ್ಸರದ ಹೆಸರನ್ನು ಹೇಳಿದರು. ವರ್ಷಕ್ಕೊಂದು ಹೆಸರೇ ಎಂದು ಮಿತ್ರನು ಬೆರಗಾಗಿ ಕೇಳಲು, ಹೆಸರುಗಳು ಅರವತ್ತು, ಮುಗಿದ ಮೇಲೆ ಮತ್ತೆ ಮೊದಲಿನಿಂದ, ಹಿಂದಿನ ವಿಶ್ವಾವಸುವು 1965ರಲ್ಲಿ ಬಂದಿತ್ತೆಂದು ಹುಡುಗನು ವಿವರಿಸಿದನು. ಮಿತ್ರನು ಅದನ್ನು ತಾಯಿಗೆ ತಮ್ಮ ಸೀಮೆಯ ಮಾತಿನಲ್ಲಿ ಹೇಳಿದನು. ಆಕೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಯಜಮಾನನು ಹುಟ್ಟಿದ್ದು 1965ರ ಅಕ್ಟೋಬರಿನಲ್ಲಿ ಎಂದಳು. ಹಾಗಾದರೆ ಅದು ಇದೇ ಹೆಸರಿನ ವರ್ಷ. ಇದ್ದಿದ್ದರೆ ಅವನಿಗೆ ಅರವತ್ತು ತುಂಬುತ್ತಿತ್ತು. ನಮ್ಮಲ್ಲಾದರೆ ಷಷ್ಟಿಪೂರ್ತಿಯ ಶಾಂತಿಯನ್ನು ಮಾಡಿಸುತ್ತಿದ್ದರು. ಅಡಿಗೆಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಹೆಸರು ತಿರುಗಿ ಬರುವುದು, ಆಳು ಬರುವುದಿಲ್ಲ.

ಆ ಮೌನವನ್ನು ಮುರಿದವಳು ಫೋನಿನೊಳಗಿನ ಅಜ್ಜಿ. “ಏನಂತೆ ಪುಟ್ಟ, ಯಾಕೆ ಎಲ್ಲರೂ ಸುಮ್ಮನಾದರು?” ಎಂದಳು. ಹುಡುಗನು ಹೇಳಿದನು. ಅಜ್ಜಿಯು ತನ್ನ ಮುಖವನ್ನು ಫೋನಿಗೆ ತೀರ ಹತ್ತಿರಕ್ಕೆ ತಂದು, ಹಣೆಯೂ ಕಣ್ಣೂ ಮಾತ್ರ ಕಾಣುವಂತೆ, ಆ ಹೆಂಗಸನ್ನು ನೋಡಿದಳು, ಆಕೆಯೂ ನೋಡಿದಳು. “ಬೇವುಬೆಲ್ಲ ಕೊಟ್ಟಾಯಿತೇ?” ಎಂದು ಅಜ್ಜಿ ಕೇಳಿದಳು. ಇನ್ನೂ ಇಲ್ಲವೆಂದನು. ಸಿಂಹದಂತದ ಎಲೆಯನ್ನು ಸಣ್ಣಗೆ ಹೆಚ್ಚಿ ಬೆಲ್ಲದೊಡನೆ ಕಲಸಿದ ಬಟ್ಟಲು ಅವನ ಕೈಯಲ್ಲಿತ್ತು. “ಆಕೆ ಕೈಗೆ ಕೊಡು. ಎಲ್ಲರಿಗೂ ಆಕೆಯೇ ಕೊಡಲಿ” ಎಂದಳು.

ಹಿಂದೆ ನಿಂತಿದ್ದ ತಾಯಿಯು, “ಅತ್ತೆ...” ಎಂದದ್ದು ಫೋನಿನಲ್ಲಿ ಕೇಳಿಸಿತು. ಅಜ್ಜಿಯು ತಿರುಗಿ ನೋಡಲಿಲ್ಲ.

ಕರಿಯ ಉಡುಪಿನ ಆ ಹೆಂಗಸು, ತನಗೆ ಕೊಟ್ಟದ್ದು ಎಂತಹ ಅಧಿಕಾರವೆಂದು ತಿಳಿಯದೆಯೇ, ಬಟ್ಟಲನ್ನು ಹಿಡಿದು ಒಬ್ಬೊಬ್ಬರ ಅಂಗೈಗೂ ಒಂದೊಂದು ಚಿಟಿಕೆ ಹಾಕಿದಳು. ಬೆಲ್ಲವು ಮೊದಲು ನಾಲಗೆಗೆ ಹತ್ತಿತು. ಕಹಿಯು ಆಮೇಲೆ ಬಂದು ಬಹಳ ಹೊತ್ತು ನಿಂತಿತು. ತೆಲುಗು ಹುಡುಗಿಯು ಕಣ್ಣನ್ನು ಮುಚ್ಚಿಕೊಂಡು, ಬೇವೇ ಎಂದಳು. ಬೇವಲ್ಲ, ಆದರೆ ಯಾರೂ ತಿದ್ದಲಿಲ್ಲ.

ಊಟವನ್ನು ವರ್ಣಿಸಬೇಕಾದ್ದಿಲ್ಲ. ಕರಗಿದ ಬಾಳೆಯೆಲೆಗಳಲ್ಲಿ ಹರಿಯದೆ ಉಳಿದವು ನಾಲ್ಕು. ಮೊದಲನೆಯದು ಆ ತಾಯಿಗೆ ಬಿದ್ದಿತು. ಬಡಿಸಿದವನು ಕಡೆಗೆ ತಟ್ಟೆಯಲ್ಲಿ ಉಂಡನು. ಎಲ್ಲರಿಗೂ ಬಡಿಸುವವರೆಗೆ ಯಾರೂ ಕೈಹಾಕಬಾರದೆಂದು ಹೇಳಿಕೊಡಬೇಕಾಗಬಹುದೆಂದು ಹುಡುಗನು ಭಾವಿಸಿದ್ದನು. ಅವರಲ್ಲಿಯೂ ಅದೇ ಮರ್ಯಾದೆಯಿತ್ತು. ಮಾವಿನಕಾಯಿ ಚಿತ್ರಾನ್ನಕ್ಕೆ ಹುಳಿ ಸಾಲದೆ ಬಂದಿತ್ತು. ಒಬ್ಬಟ್ಟಿನ ಸಾರನ್ನು ಮಾತ್ರ ಎಲ್ಲರೂ ಬಟ್ಟಲಲ್ಲಿ ಹಾಕಿಸಿಕೊಂಡು ಕುಡಿದರು. ಆ ತಾಯಿಯು ತಾನು ಮಾಡಿದ ಒಬ್ಬಟ್ಟಿನಲ್ಲಿ ಎರಡನ್ನು ಕಾಗದದಲ್ಲಿ ಸುತ್ತಿಕೊಂಡು ಹೋದಳು. ಯಾರಿಗೆಂದು ಹೇಳಲಿಲ್ಲ, ಮನೆಯಲ್ಲಿ ಇದ್ದುದು ನಾಯಿಯೊಂದೇ.

ಬೇವಿನ ಹೂವಿನ ಗಂಟು ಹಬ್ಬ ಕಳೆದು ಹನ್ನೊಂದನೆಯ ದಿನ ಬಂದು ಮುಟ್ಟಿತು.

2026ರ ಮಾರ್ಚಿ 19ರಂದು ಪರಾಭವ ಸಂವತ್ಸರದ ಯುಗಾದಿಯಾಯಿತು. ಹುಡುಗನು ಆಗಲೂ ಟ್ಯೂಬಿಂಗೆನ್ನಿನಲ್ಲಿಯೇ ಇ���್ದನು. ಅರಕಲಗೂಡಿನ ಮನೆಯಲ್ಲಿ ಅಜ್ಜಿಯು ಎಂದಿನಂತೆ ಬೇವುಬೆಲ್ಲವನ್ನು ಬೆರಸಿ ಬಟ್ಟಲನ್ನು ನೀಡಿದಳು. ಸೊಸೆಯು ಕೈಯನ್ನು ಮುಂದಕ್ಕೆ ಚಾಚಲಿಲ್ಲ. “ನೀವೇ ಕೊಡಿ, ಅತ್ತೆ” ಎಂದಳು.

“ಯಾಕೆ? ಜರ್ಮನಿಯಿಂದ ಹುಕುಮು ಬಂತೇನು?” ಎಂದು ಅಜ್ಜಿಯು ಕೇಳಿದಳು. ಸೊಸೆಯು ಉತ್ತರ ಕೊಡದೆ ನಿಂತೇ ಇದ್ದಳು. ಮುದುಕಿಯು ಸ್ವಲ್ಪ ಹೊತ್ತು ನೋಡಿ, ಈ ವರ್ಷ ಹೂವನ್ನು ಬಿಡಿಸಿದವರು ಕಡ್ಡಿಯನ್ನೆಲ್ಲಾ ಹಾಗೆಯೇ ಬಿಟ್ಟಿದ್ದಾರೆಂದು ಗೊಣಗುತ್ತಾ, ಒದ್ದೆಯ ಕೈಯನ್ನು ಸೆರಗಿಗೆ ಒರಸಿಕೊಂಡು, ಮೊದಲನೆಯ ಚಿಟಿಕೆಯನ್ನು ಸೊಸೆಯ ಅಂಗೈಗೆ ಹಾಕಿದಳು.